ಖಾಜಾಬಿಯ ಒಂದು ತಂಬಿಗೆ ನೀರು

ಬಾಡಿಗೆ ಮನೆ ಸಿಗದಿರಬಹುದು. ಬಿಸಿಲಿಗೆ ತಲೆ ಸುತ್ತಿ ಬಸ್ ನಿಲ್ದಾಣದಲ್ಲೇ ಬೀಳಬಹುದು. ಊಟದ ಖಾರಕ್ಕೆ ಹೊಟ್ಟೆ ಹಟ ಹಿಡಿಯಬಹುದು. ಯಾರೂ ನನ್ನೆದುರು ಮನಸ್ಸು ಬಿಚ್ಚದಿರಬಹುದು. ಬಿಚ್ಚಿದರೆ ಏನು ಹೇಳಬೇಕೆಂದು ನನಗೇ ಹೊಳೆಯದಿರಬಹುದು. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಆಪ್ತ ಸಮಾಲೋಚಕಿಯ ಕೆಲಸ ಹಿಡಿದು ಮೈಸೂರಿನಿಂದ ಗಂಗಾವತಿಗೆ ಹೊರಟಾಗ ದಾರಿಯುದ್ದಕ್ಕೂ ನಾನು ಬೆಳೆಸಿದ ಪಟ್ಟಿಯಿದು.

ಮೊದಲ ಬೆಳಿಗ್ಗೆ ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಸೀರೆಯ ತುಂಬ ಕಪ್ಪು ಚುಕ್ಕೆ. ಪಕ್ಕದ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ.

“ಇಲ್ಲಿ ಯಾರೂ ಬಿಳಿ ಉಡಂಗಿಲ್ರಿ, ಲೀಡರ್ ಮಂದಿ ಬಿಟ್ಟು” ಎಂದರು ಮನೆಯೊಡತಿ.

ನಮ್ಮಲ್ಲಿ ಬೆಳಿಗ್ಗೆ ಎಂಟಕ್ಕೆ ಇಡ್ಲಿ. ಇಲ್ಲಿ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ ಭಜಿ. ಮೂರನೇ ವಾರಕ್ಕೆ ನಾನು ಎರಡನೇ ಭಜಿ ಕೇಳಿ ಹಾಕಿಸಿಕೊಂಡೆ.

ಎರಡನೇ ತಿಂಗಳಲ್ಲಿ ನನ್ನ ಕ್ಲಿನಿಕ್ಕಿಗೆ ಖಾಜಾಬಿ ಬಂದರು. (ಹೆಸರು ಬದಲಿಸಿದ್ದೇನೆ, ಬರೆಯಿರಿ ಎಂದವರು ಅವರೇ.) ಬ್ಲೌಸ್ ಹೊಲಿಯುವವರು. ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಪಾದ ತೊಳೆಯುವುದಕ್ಕೆ ವುಜೂ ಎನ್ನುತ್ತಾರೆ. ಬೇರೆಯವರಿಗೆ ಐದು ನಿಮಿಷದ ಕೆಲಸ, ಇವರಿಗೆ ಎರಡು ತಾಸು. ಒಂದು ಬೆರಳು ಒಣಗಿ ಉಳಿಯಿತೇನೋ ಎಂಬ ಅನುಮಾನ, ಮತ್ತೆ ಮೊದಲಿನಿಂದ. ಕೈಯ ಚರ್ಮ ಬಿರಿದಿತ್ತು.

“ಮೂರ್ ತಿಂಗಳಿಗೆ ಮಗಳ ನಿಕಾಹ್ ಐತ್ರಿ ಮೇಡಂ. ವುಜೂ ಇಲ್ದ ಆಕಿ ಬಾಜೂಕ ಕುಂತು ದುಆ ಕೇಳಾಕ ನನ್ನ ಮನಸ್ಸು ಒಪ್ಪಂಗಿಲ್ಲ. ನಾ ಬಚ್ಚಲದಾಗ ಇರೋದ್ರಾಗ ಎಲ್ಲಾ ಮುಗದು ಹೋಗತೈತಿ.”

ಕಲಿತ ಉಪಾಯ ನಾಲಿಗೆಯ ತುದಿಗೆ ಬಂದಿತ್ತು: ಒಂದು ವಾರ ತೊಳೆಯದೆಯೇ ಪ್ರಾರ್ಥಿಸಿ, ಭಯ ತಾನೇ ಇಳಿಯುತ್ತದೆ. ಹಾಗೆಂದಿದ್ದರೆ ಅವರು ಮತ್ತೆ ಇತ್ತ ಕಾಲಿಡುತ್ತಿರಲಿಲ್ಲ. ಪುಣ್ಯಕ್ಕೆ ನನ್ನ ಪುಕ್ಕಲುತನ ತಡೆಯಿತು. “ಇಷ್ಟು ತೊಳೆದರೆ ಸಾಕು ಎಂದು ಯಾರು ಹೇಳಿದರೆ ನಿಮಗೆ ನಂಬಿಕೆ?” ಎಂದೆ. ಮುಂದಿನ ವಾರ ಅವರು ಓಣಿಯ ಮಕ್ಕಳಿಗೆ ಕುರಾನ್ ಓದಿಸುವ ಆಪಾ ಅವರನ್ನು ಕರೆತಂದರು. ಆಪಾ ಎಂದರೆ ಅಕ್ಕ.

“ಇದಕ್ಕ ನಮ್ಮಾಗ ಮೊದಲಿಂದ ಹೆಸರೈತ್ರಿ, ವಸ್ವಸಾ. ಮನಸಿನ್ಯಾಗ ಪಿಸುಗುಟ್ಟೋ ಅನುಮಾನ. ಅದರ ಮಾತು ಕೇಳಬಾರದು” ಎಂದ ಆಪಾ ಖಾಜಾಬಿಯತ್ತ ತಿರುಗಿದರು. “ಮೂರು ಸಲಾ ತೊಳದ್ರ ಆತವಾ. ನಾಕನೇದ್ದು ದೇವರಿಗಲ್ಲ, ನಳಕ್ಕ.”

ನನ್ನ ಶಾಸ್ತ್ರ ಆಪಾ ಅವರ ಮಾತಿನ ಹಿಂದೆ ನಡೆಯಿತು. ಡಾಕ್ಟರರ ಮಾತ್ರೆ ಜೊತೆಗಿತ್ತು. ನಳ ಬಂದ್. ಒಂದು ತಂಬಿಗೆ ನೀರು. ಅದು ಖಾಲಿಯಾದರೆ ವುಜೂ ಮುಗಿಯಿತು. ಅನುಮಾನ ಉಳಿದರೆ ಅದರ ಜೊತೆಗೇ ಚಾಪೆಯ ಮೇಲೆ ಕೂರುವುದು. ಮೊದಲ ವಾರ ಖಾಜಾಬಿ ನಡುಗಿದರು, ಅತ್ತರು. ಐದನೇ ವಾರ, ನಾನು ಕ್ಲಿನಿಕ್ಕಿನ ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡುತ್ತಿದ್ದಾಗ ಹಿಂದಿನಿಂದ ಅವರ ದನಿ: “ಬೀಗಕ್ಕೂ ಮೂರ ಸಲಾ ಸಾಕ್ರಿ ಮೇಡಂ.”

ಆದರೂ ನಿಕಾಹ್ ದಿನ ನನಗೆ ಧೈರ್ಯ ಸಾಲಲಿಲ್ಲ. ಅವರ ಮಗಳು ನಸ್ರೀನಳೊಂದಿಗೆ ಸೇರಿ ಖಾಜಾಬಿಗೆ ಸುಳ್ಳು ಹೇಳಿದ್ದೆ: ಶಾದಿ ಮಹಲಿಗೆ ಕರೆದೊಯ್ಯಲು ಹನ್ನೊಂದಕ್ಕೆ ಬರುವ ಗಾಡಿ ಒಂಬತ್ತಕ್ಕೇ ಬರುತ್ತದೆಂದು. ಒಂಬತ್ತೂವರೆಗೆ ಅವರ ಮನೆಗೆ ಹೋದರೆ ಬಚ್ಚಲ ಬಾಗಿಲು ಹಾಕಿತ್ತು, ಒಳಗೆ ನೀರಿನ ಸದ್ದು. ಬಾಗಿಲಿಗೆ ಬಾಯಿ ಹಚ್ಚಿ ಶುರು ಮಾಡಿದೆ: ಅನುಮಾನ ಬಂದರೆ ಬರಲಿ, ತಾನೇ ಹೋಗುತ್ತದೆ. ಮೂರು ಸಲ ಆದರೆ ಸಾಕು. ಹೆದರಬೇಡಿ, ನಾನಿಲ್ಲೇ ಇದ್ದೇನೆ.

ನೀರು ನಿಂತಿತು. ಒಳಗಿನಿಂದ ದಪ್ಪ ಗಂಡು ದನಿ: “ಅಕ್ಕಾರ, ಬಕೆಟ್ ಈಗ ತುಂಬೇತ್ರಿ. ನಾ ಇನ್ನೂ ಒಂದ ಸಲಾನೂ ಹಾಕ್ಕೊಂಡಿಲ್ಲ.”

ಕುಷ್ಟಗಿಯಿಂದ ಬಂದಿದ್ದ ಖಾಜಾಬಿಯ ಭಾವ. ನಸ್ರೀನ್ ಮೆಹಂದಿಯ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಮ್ಮಿ ನಿಮ್ಮ ಗಾಡಿ ಕಾಯಲಿಲ್ರಿ. ಒಂದ ತಂಬಗ್ಯಾಗ ಮುಗಿಸಿ ಆಟೋ ಹಿಡದು ಹೋಗ್ಯಾರ.”

ಶಾದಿ ಮಹಲಿನಲ್ಲಿ ಖಾಜಾಬಿ ಮಗಳ ಪಕ್ಕ ಕೈಯೆತ್ತಿ ದುಆ ಕೇಳುವಾಗ ಮೈಸೂರಿನಿಂದ ನನ್ನ ಅಕ್ಕನ ಫೋನು. “ಮನೆಗೆ ಯಾವಾಗ ಬರ್ತೀಯೇ?”

“ಮನೆಯಲ್ಲಿ ಮದುವೆ ಇದೆ, ಆಮೇಲೆ ಮಾಡ್ತೀನಿ” ಎಂದುಬಿಟ್ಟೆ. ಯಾರ ಮನೆಯಲ್ಲಿ ಎಂದು ಅವಳು ಕೇಳಿದ್ದಕ್ಕೆ ಉತ್ತರ ಇನ್ನೂ ಕೊಟ್ಟಿಲ್ಲ.

ಇಷ್ಟು ದಿನದಲ್ಲಿ ಎಡವಟ್ಟಾಗಿದ್ದು ಆ ಬಚ್ಚಲ ಬಾಗಿಲಲ್ಲಿ ಮಾತ್ರ. ಅದನ್ನು ಮರೆಯಲು ಭಾವ ಬಿಡಲಿಲ್ಲ. ಊಟದ ಹೊತ್ತಿಗೆ ಬೀಗರಿಗೆ ನನ್ನ ಪರಿಚಯ ಮಾಡಿಸಿದರು: “ಇವ್ರು ನಮ್ಮ ಕಡೆಯವ್ರು, ಮೈಸೂರಿನವ್ರು. ನನಗ ಜಳಕಾ ಮಾಡಾಕ ಧೈರ್ಯ ಹೇಳಿದವ್ರು.”