ಸೈಕಲ್ಲಿಗೆ ಅತ್ತೆ ಹಾಕಿದ ಗಂಟು

ನನ್ನ ಸೈಕಲ್ಲು ಕುದುರೆ ಥರ ಮುಂಗಾಲೆತ್ತಿ ನಿಂತುಬಿಟ್ಟಿತು.

ಉತ್ಪ್ರೇಕ್ಷೆ ಅಲ್ಲ. ಹೋದ ಭಾನುವಾರದ ಹಿಂದಿನ ಭಾನುವಾರ, ಬೆಳಗ್ಗೆ ಏಳೂವರೆಗೆ, ಕೋಲಾರದ ನಮ್ಮ ಮನೆ ಗೇಟಿನ ಮುಂದೆ. ಸ್ಟ್ಯಾಂಡ್ ತೆಗೆದೆ, ಸೆರಗು ಸರಿಮಾಡಿಕೊಳ್ಳೋಕೆ ಹ್ಯಾಂಡಲ್ಲಿನಿಂದ ಕೈ ತೆಗೆದೆ. ಅಷ್ಟೇ. ಮುಂದಿನ ಚಕ್ರ ಗಾಳಿಗೆ ಎದ್ದಿತು. ಹಿಂದೆ ಕಟ್ಟಿದ್ದ ಸಾಮಾನು ನೆಲಕ್ಕೆ ಕೂತಿತು. ಅದರ ಪಕ್ಕದಲ್ಲಿ ನಾನೂ ಕೂತೆ.

ಎದುರುಮನೆಯಾಕೆ ರಂಗೋಲಿ ಹಾಕೋದು ನಿಲ್ಲಿಸಿ ಕೇಳಿದರು, "ಏನ್ರೀ ಸುಧಾ, ಮನೆ ಖಾಲಿ ಮಾಡ್ತಿದ್ದೀರಾ?"

ಇಲ್ಲ. ನಾನು ಕ್ಯಾಂಪಿಂಗ್ ಹೊರಟಿದ್ದೆ. ನಲವತ್ತನಾಲ್ಕನೇ ವಯಸ್ಸಿನಲ್ಲಿ, ಮೊದಲ ಸಲ, ಸೈಕಲ್ ಮೇಲೆ. ಜೊತೆಗೆ ನನ್ನ ಗೆಳತಿ ರೇಷ್ಮಾ. (ನಾನು ಕೆಲಸ ಮಾಡೋ ಕಾಲೇಜಲ್ಲೇ ಪ್ರಾಣಿಶಾಸ್ತ್ರ ಪಾಠ ಮಾಡುತ್ತಾಳೆ. ಹಾವಿಗೆ ಹೆದರಲ್ಲ, ಹಲ್ಲಿಗೆ ಹೆದರುತ್ತಾಳೆ.) ಮುಂದಿನ ಶುಕ್ರವಾರ ಹೊರಟು ಮುಳಬಾಗಿಲು ದಾಟಿ ನಂಗಲಿ ಹತ್ತಿರ ಅವಳ ಚಿಕ್ಕಮ್ಮನ ಹಿತ್ತಲಲ್ಲಿ ಟೆಂಟು. ಶನಿವಾರ ಗೌನಿಪಲ್ಲಿಯ ಪರಿಚಯದವರ ಮಾವಿನ ತೋಪಲ್ಲಿ ಟೆಂಟು. ಭಾನುವಾರ ಶ್ರೀನಿವಾಸಪುರದ ಮೇಲೆ ಮನೆಗೆ. ಆವತ್ತು ನಾನು ಮಾಡಿದ್ದು ಬರೀ ಪ್ಯಾಕಿಂಗ್ ರಿಹರ್ಸಲ್.

ಏನೇನು ಕಟ್ಟಿದ್ದೆ ಅಂತ ಕೇಳಬೇಡಿ. ಸರಿ, ಕೇಳಿ. ಟೆಂಟು, ಎರಡು ಕಂಬಳಿ, ಚಾಪೆ, ದಿಂಬು, ಗ್ಯಾಸ್ ಒಲೆ, ಮೂರು ಲೀಟರಿನ ಕುಕ್ಕರು (ಬೇಳೆ ಬೇಯಬೇಡವಾ?), ರಾಗಿಹಿಟ್ಟು, ಉಪ್ಪಿನಕಾಯಿ ಜಾಡಿ, ಕೊಡೆ, ಐದು ಲೀಟರು ನೀರು, ಪಂಪು, ಪವರ್ ಬ್ಯಾಂಕು, ಆರು ಜೊತೆ ಬಟ್ಟೆ, ಓದೋಕೆ ಎರಡು ದಪ್ಪ ಪುಸ್ತಕ. ಯೂಟ್ಯೂಬಲ್ಲಿ ಒಬ್ಬ ವಿದೇಶಿ ಹುಡುಗಿ ಇದಕ್ಕಿಂತ ಜಾಸ್ತಿ ಹೇರಿಕೊಂಡು ಮರುಭೂಮಿ ದಾಟಿದ್ದನ್ನು ನೋಡಿದ್ದೆ. ಮುಳಬಾಗಿಲು ದಾಟೋಕೆ ನನಗೇನು ಕಷ್ಟ?

ನನ್ನ ಯಜಮಾನರು ಮಂಜುನಾಥ್, ಮಾಲೂರಿನ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ನೋಡಿಕೊಳ್ಳುವವರು. ಎಲ್ಲವನ್ನೂ ತೂಕ ಹಾಕೋದು ಅವರ ಕಸುಬು. ಬಾತ್‌ರೂಮಿನ ತೂಕದ ಮೆಷಿನ್ ತಂದು ಒಂದೊಂದೇ ಚೀಲ ಇಟ್ಟರು. ಮೂವತ್ತಮೂರು ಕೆಜಿ.

"ಸುಧಾ, ನಮ್ಮ ಮದುವೇಲಿ ನೀನು ನಲವತ್ತೈದು ಕೆಜಿ ಇದ್ದೆ," ಅಂದರು. ಯಾಕೆ ಹೇಳಿದರೋ ಗೊತ್ತಾಗಲಿಲ್ಲ. ಗೊತ್ತಾಗದಿರೋದೇ ಒಳ್ಳೆಯದು ಅನ್ನಿಸಿತು.

ದಿಂಬು, ಪುಸ್ತಕ, ಮೂರು ಜೊತೆ ಬಟ್ಟೆ ಕೆಳಗಿಳಿದವು. ಉಳಿದಿದ್ದನ್ನು ಎರಡೂ ತುದಿಗೆ ಕೊಕ್ಕೆ ಇರೋ ಎಲಾಸ್ಟಿಕ್ ಹಗ್ಗದಲ್ಲಿ ಬಿಗಿದೆ. ಆನ್‌ಲೈನಲ್ಲಿ ತರಿಸಿದ ಹಗ್ಗ, ಒಳ್ಳೇ ರೇಟಿಂಗ್ ಇತ್ತು. ಒಂದು ರೌಂಡ್ ಹೋಗಿಬರ್ತೀನಿ ಅಂತ ಹೊರಟೆ.

ಬೀದಿ ದಾಟಿದೆ, ಚೆನ್ನಾಗಿತ್ತು. ಮುಖ್ಯರಸ್ತೆಗೆ ಬಂದೆ, ಇನ್ನೂ ಚೆನ್ನಾಗಿತ್ತು. ಬೆಂಗಳೂರು ಕಡೆಯಿಂದ ಲಾರಿಗಳು ಬರುತ್ತಿದ್ದವು. ನಾನು ಅಂಚಿನಲ್ಲೇ ಇದ್ದೆ. ಹಂಪು ಬಂತು. ಹಾರಿದೆ. ಹಿಂದೆ "ಟಪ್" ಅಂತ ಶಬ್ದ.

ಕೊಕ್ಕೆ ಬಿಚ್ಚಿಕೊಂಡಿತ್ತು. ಹಗ್ಗ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಚಕ್ರ ಅಲ್ಲೇ ಹಿಡಿದುಕೊಂಡಿತು. ನಾನು ರಸ್ತೆಯ ಒಳಭಾಗಕ್ಕೆ ಬಿದ್ದೆ. ಅಂಚಿನ ಕಡೆಗಲ್ಲ, ಒಳಗಡೆಗೆ. ಕುಕ್ಕರ್ ಉರುಳಿಕೊಂಡು ಹೋಯಿತು. ಆಮೇಲೆ ಲಾರಿ ಬ್ರೇಕ್ ಹಾಕಿದ ಸದ್ದು.

ತಲೆಯೆತ್ತಿದರೆ ಬಂಪರು. ಅದಕ್ಕೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ನನ್ನ ಮೂಗಿನಿಂದ ಒಂದು ಮೊಳ ದೂರದಲ್ಲಿ ತೂಗಾಡುತ್ತಿತ್ತು.

ಡ್ರೈವರ್ ಕಿಟಕಿಯಿಂದ ಅರ್ಧ ಹೊರಗೆ ಬಂದು ತೆಲುಗಲ್ಲಿ ಕೂಗಿದ. "ಏಮ್ಮಾ, ಚಾವಾಲಾ?" ಸಾಯಬೇಕಾ ಅಂತ. ಬೈಗುಳ ಅನ್ನಿಸಲಿಲ್ಲ. ಇಳಿದು ಬಂದ, ಸೈಕಲ್ಲನ್ನೂ ಕುಕ್ಕರನ್ನೂ ಎತ್ತಿ ಅಂಚಿಗಿಟ್ಟ, ನೀರಿನ ಬಾಟಲಿ ಕೊಟ್ಟ.

ಅಂಗೈ ಎರಡೂ ಕಿತ್ತುಹೋಗಿತ್ತು. ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಮಂಜುನಾಥ್ ಮುಖ ಬಿಳಿಚಿಕೊಂಡಿತು. ಡೆಟಾಲ್ ಹಚ್ಚುತ್ತಾ ಒಂದೇ ಮಾತು, "ಟ್ರಿಪ್ ಕ್ಯಾನ್ಸಲ್. ರೇಷ್ಮಾಗೆ ನಾನೇ ಹೇಳ್ತೀನಿ." ನನ್ನ ಕಣ್ಣ ಮುಂದೆ ಇನ್ನೂ ಆ ನಿಂಬೆಹಣ್ಣು ತೂಗುತ್ತಿತ್ತು. ನಾನೂ ಒಳಗೊಳಗೇ ಕ್ಯಾನ್ಸಲ್ ಮಾಡಿಯಾಗಿತ್ತು.

ಆಗ ವರಾಂಡದಿಂದ ದನಿ ಬಂತು. "ಇದೇಂ ಕಟ್ಟಡಂ?"

ನಮ್ಮತ್ತೆ ಮುನಿರತ್ನಮ್ಮ. ಎಪ್ಪತ್ತಕ್ಕೆ ಒಂದು ಕಡಿಮೆ. ಬೆಳಗ್ಗಿಂದ ಅವರೆಕಾಯಿ ಬಿಡಿಸುತ್ತಾ ಎಲ್ಲವನ್ನೂ ನೋಡುತ್ತಿದ್ದರು. ಅವರಿಗೆ ಸಿಟ್ಟು ಬಂದರೆ ತೆಲುಗು ಬರುತ್ತೆ. ಇದೆಂಥಾ ಕಟ್ಟೋದು ಅಂತ ಅದರ ಅರ್ಥ. (ನನ್ನ ಸೈಕಲ್ ನೋಡಿದ್ದವರು ಅದನ್ನು ಕನ್ನಡದ ಕಟ್ಟಡ ಅಂತಲೇ ತಿಳಿದರೂ ತಪ್ಪಿಲ್ಲ.)

ಮೊರ ಪಕ್ಕಕ್ಕಿಟ್ಟು ಇಳಿದು ಬಂದರು. ಹಳೇ ಸೀರೆ ಹಾಸಿದರು. ಚೀಲಗಳನ್ನೆಲ್ಲ ಬಿಚ್ಚಿ ಸುರಿದರು. ಒಂದೊಂದನ್ನೇ ಅಂಗೈಯಲ್ಲಿ ಎತ್ತಿ ನೋಡಿ, ಎರಡು ಗುಡ್ಡೆ ಮಾಡಿದರು. ಕುಕ್ಕರನ್ನು ಮಾತ್ರ ಯಾವ ಗುಡ್ಡೆಗೂ ಹಾಕದೆ ನನ್ನ ಮುಖ ನೋಡಿದರು. ನಾನು ಒಳಗೆ ಇಟ್ಟು ಬಂದೆ.

"ಎಡಗಡೆ ಎಷ್ಟೋ ಬಲಗಡೇನೂ ಅಷ್ಟೇ ಇರ್ಬೇಕಮ್ಮ. ಭಾರದ್ದು ಕೆಳಗೆ, ಚಕ್ರದ ಪಕ್ಕಕ್ಕೆ. ಹಗುರದ್ದು ಮೇಲೆ. ನೀನು ಎಲ್ಲಾ ತಗೊಂಡೋಗಿ ಮೇಲೆ ಕಟ್ಟಿದ್ದೀಯ, ತಿರುಗಿಸಿದ ಕಡೆ ಎಳ್ದು ಹಾಕದೆ ಇರತ್ತಾ?"

"ನಿಮಗೆ ಹೇಗೆ ಗೊತ್ತು ಅತ್ತೆ?"

ಅತ್ತೆ ಮಗನ ಕಡೆ ತಿರುಗಿ, "ಮಂಜಾ, ಪಂಚರ್ ಅಂಗಡೀಲಿ ಹಳೇ ಟ್ಯೂಬ್ ಇಸ್ಕೊಂಬಾ. ಎರಡು," ಅಂದರು. ಮಂಜುನಾಥ್ ಯಾಕೆ ಅಂತ ಕೇಳದೆ ಹೋದರು. ಈ ಮನೆಯಲ್ಲಿ ಅಮ್ಮನ ಆ ದನಿಗೆ ಯಾರೂ ಯಾಕೆ ಅನ್ನಲ್ಲ.

ಟ್ಯೂಬ್ ಬಂತು. ಅತ್ತೆ ಈಳಿಗೆಮಣೆ ಮೇಲೆ ಕೂತರು. ಸೊಪ್ಪು ಹೆಚ್ಚುವಷ್ಟೇ ಸಲೀಸಾಗಿ ಟ್ಯೂಬನ್ನು ಉದ್ದುದ್ದ ಪಟ್ಟಿಯಾಗಿ ಸೀಳಿದರು. ಚೀಲಗಳನ್ನು ಸೈಕಲ್ಲಿನ ಎರಡೂ ಕಡೆಗಿಟ್ಟು, ಮಂಡಿ ಕೊಟ್ಟು, ಹಲ್ಲು ಕಚ್ಚಿ, ಆ ಪಟ್ಟಿಗಳನ್ನು ಎಳೆದೆಳೆದು ಬಿಗಿದರು. ಕೊನೆಗೊಂದು ಗಂಟು. ಎಂಥಾ ಗಂಟು ಅಂತ ಎದುರಿಗೇ ನಿಂತು ನೋಡಿದರೂ ನನಗೆ ಗೊತ್ತಾಗಲಿಲ್ಲ.

ಸೈಕಲ್ಲನ್ನು ಹಿಡಿದು ಎರಡು ಸಲ ಅಲ್ಲಾಡಿಸಿದರು. ಸಾಮಾನು ಕದಲಲಿಲ್ಲ. ಆಮೇಲೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅಮ್ಮಾ, ಏನ್ ಮಾಡ್ತಿದ್ದೀಯ?"

"ಪಕ್ಕಕ್ಕೆ ಬಾರೋ."

ಪೆಡಲ್ ಮೇಲೆ ಒಂದು ಕಾಲಿಟ್ಟು, ಇನ್ನೊಂದರಲ್ಲಿ ಎರಡು ಸಲ ನೆಲ ಒದ್ದು, ನಮ್ಮತ್ತೆ ಸೀಟಿನ ಮೇಲೆ ಕೂತರು. ಹೊರಟೇ ಹೋದರು. ಬೀದಿಯ ಕೊನೆಯವರೆಗೆ. ಅಲ್ಲಿ ಬೇವಿನ ಮರ ಸುತ್ತಿ ವಾಪಸ್. ಬೆಲ್ ಬೇರೆ ಹೊಡೆದರು!

ಆ ಹೊತ್ತಿಗೆ ಎದುರುಮನೆಯಾಕೆ ಗೇಟು ದಾಟಿ ನಮ್ಮ ಅಂಗಳಕ್ಕೇ ಬಂದಿದ್ದರು. ಮಂಜುನಾಥ್ ಬಾಯಿ ತೆರೆದಿತ್ತು. ನನ್ನದೂ ತೆರೆದಿರಬೇಕು. ಇಪ್ಪತ್ತೊಂದು ವರ್ಷದಿಂದ ಒಂದೇ ಅಡುಗೆಮನೆ ನಮ್ಮಿಬ್ಬರದು. ಈಕೆಗೆ ಯಾವ ಮಾತ್ರೆ ಎಷ್ಟು ಹೊತ್ತಿಗೆ ಅಂತ ನನಗೆ ಗೊತ್ತು. ಯಾವ ಮಂಡಿ ನೋಯುತ್ತೆ ಅಂತ ಗೊತ್ತು. ಸೈಕಲ್ ಬರುತ್ತೆ ಅಂತ ಗೊತ್ತಿರಲಿಲ್ಲ.

"ಯಾವಾಗ ಕಲಿತ್ರಿ?"

ಅತ್ತೆ ಮತ್ತೆ ಅವರೆಕಾಯಿಗೆ ಕೂತರು. ಕೈ ನಿಲ್ಲಿಸದೆ ಹೇಳಿದರು. ಅವರ ತವರು ಕ್ಯಾಲನೂರಿನ ಪಕ್ಕದ ಹಳ್ಳಿ. ಮನೆಯಲ್ಲಿ ರೇಷ್ಮೆಹುಳು ಸಾಕಣೆ. ಅವರಿಗೆ ಹದಿನಾರು ತುಂಬಿದಾಗ ಅವರಪ್ಪ ಹುಣಸೆಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಗಂಡುಮಕ್ಕಳಿಲ್ಲ. ಆ ವಾರವೇ ಗೂಡು ಮಾರ್ಕೆಟ್ಟಿಗೆ ಹೋಗಬೇಕು.

"ಗೂಡು ಕಾಯಲ್ವಲ್ಲಮ್ಮ. ದಿನ ತಪ್ಪಿದ್ರೆ ಚಿಟ್ಟೆ ತೂತು ಮಾಡ್ಕೊಂಡು ಆಚೆ ಬರತ್ತೆ. ಆಮೇಲೆ ನೂಲು ಬರಲ್ಲ, ಯಾರೂ ತಗೊಳಲ್ಲ. ಅದಕ್ಕೇ ಅಪ್ಪನ ಸೈಕಲ್ ಎತ್ಕೊಂಡೆ. ಬಿಗಿಯಾಗಿ ಕಟ್ಟಿದ್ರೆ ಗೂಡು ಅಪ್ಪಚ್ಚಿ, ಸಡಿಲ ಬಿಟ್ರೆ ದಾರಿಯಲ್ಲೇ ಚೆಲ್ಲತ್ತೆ. ಎರಡು ಸಲ ಚೆಲ್ಲಿದೀನಿ. ಮೂರನೇ ಸಲ ಚೆಲ್ಲಲಿಲ್ಲ."

ಮೂರು ವರ್ಷ ಹಾಗೆ. ಲಂಗದ ಮೇಲೆ ಅಪ್ಪನ ಅಂಗಿ ಹಾಕಿಕೊಂಡು, ಕೋಲಾರದ ಮಾರ್ಕೆಟ್ಟಿಗೆ. ಅಲ್ಲಿ ಇಡೀ ಸಾಲಿಗೆ ಅವರೊಬ್ಬರೇ ಹುಡುಗಿ. ಅಪ್ಪ ಎದ್ದು ಓಡಾಡುವಂತಾದರೂ ಸೈಕಲ್ ಹತ್ತಲಾಗಲಿಲ್ಲ. "ಇನ್ನು ಇದು ನಿಂದೇ ಕಣಮ್ಮ" ಅಂದರಂತೆ.

"ಆಮೇಲೆ ಏನಾಯ್ತು ಆ ಸೈಕಲ್?" ನಾನೇ ಕೇಳಿದ್ದು. ಕೇಳಬಾರದಿತ್ತೋ ಏನೋ.

"ಮದುವೆ ಆಯ್ತು. ಗಂಡಿಗೆ ಸೈಕಲ್ಲು, ವಾಚು ಕೊಡ್ಬೇಕು ಅಂತ ಮಾತಾಗಿತ್ತು. ವಾಚು ತಂದ್ರು. ಹೊಸ ಸೈಕಲ್ ತರೋಕೆ ಆಗಲಿಲ್ಲ. ನಂದಕ್ಕೇ ಹಸಿರು ಪೇಂಟ್ ಹೊಡೆಸಿ ಕೊಟ್ಟುಬಿಟ್ರು."

ಮಂಜುನಾಥ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹಸಿರು ಸೈಕಲ್ಲು ಅವರಿಗೆ ಗೊತ್ತು. ಅವರು ಸೈಕಲ್ ಕಲಿತದ್ದೇ ಅದರಲ್ಲಿ. ಇವತ್ತಿಗೂ ನಮ್ಮನೆಯಲ್ಲಿ ಅದರ ಹೆಸರು 'ಅಪ್ಪನ ಸೈಕಲ್'.

"ಅಮ್ಮಾ, ಅದು ನಿಂದಾ?"

"ಕೊಟ್ಟಮೇಲೆ ಅವರದ್ದೇ ಅಲ್ವೇನೋ."

"ಅಪ್ಪನಿಗೆ ಗೊತ್ತಿತ್ತಾ? ತುಳೀಬೇಡ ಅಂದ್ರಾ?"

"ಬೇಡ ಅಂತ ಯಾಕಂತಾರೆ? ಒಳ್ಳೇ ಮನುಷ್ಯ. 'ಬಾ, ಕೂತ್ಕೋ' ಅಂದ್ರು. ಹಿಂದೆ ಕ್ಯಾರಿಯರ್ ಮೇಲೆ ಕೂತ್ಕೊಂಡೆ." ಇನ್ನೊಂದು ಕಾಯಿ ಬಿಡಿಸಿ ಮೊರಕ್ಕೆ ಹಾಕುತ್ತಾ ಸೇರಿಸಿದರು, "ಅವರು ಕಟ್ಟಿದ ಸಾಮಾನು ಯಾವಾಗ್ಲೂ ಜಾರೋದು. ನಾನು ಹಿಂದೆ ಕೂತು ಕೈಯಲ್ಲಿ ಹಿಡ್ಕೊಂಡಿರ್ತಿದ್ದೆ. ಏನೂ ಹೇಳ್ತಿರಲಿಲ್ಲ."

ಲಾರಿ ಕೆಳಗೆ ಸಿಕ್ಕಬೇಕಿದ್ದವಳಿಗೆ ಬಂದ ನಡುಕ ಒಂದು ಥರದ್ದು. ಅದು ಸಂಜೆಗೆ ಇಳಿಯಿತು. ಈ ಮಾತಿಗೆ ಬಂದಿದ್ದು ಇನ್ನೊಂದು ಥರದ್ದು, ಇವತ್ತಿಗೂ ಇಳಿದಿಲ್ಲ.

ಯಾರೂ ಬೈದಿಲ್ಲ, ಹೊಡೆದಿಲ್ಲ. ನಮ್ಮ ಮಾವನವರ ಹೆಸರು ಹೇಳಿದರೆ ಊರೇ ಕೈಮುಗಿಯುತ್ತೆ. ಪ್ರೀತಿಯಿಂದ ಕರೆದು ಕೂರಿಸಿಕೊಂಡರು. ಅಷ್ಟರಲ್ಲೇ ಮುಗಿದುಹೋಯಿತು. ಮುಗಿಸೋಕೆ ಜಗಳವೇ ಬೇಕು ಅಂತ ನಾವ್ಯಾಕೆ ಅಂದುಕೊಂಡಿದ್ದೇವೆ?

ನಾನಾದರೂ ಏನು ಕಮ್ಮಿ? ಈಕೆಗೆ ಮೊಬೈಲ್ ಕಲಿಸಿದ್ದೀನಿ, ರಿಮೋಟ್ ಕಲಿಸಿದ್ದೀನಿ, ಲಿಫ್ಟ್ ಹತ್ತೋದು ಕಲಿಸಿದ್ದೀನಿ. ಪ್ರತಿ ಸಲವೂ "ಅತ್ತೆ, ಇದು ನಿಮಗೆ ಗೊತ್ತಾಗಲ್ಲ" ಅಂತ ಶುರುಮಾಡಿದ್ದೀನಿ. ನಿಮಗೆ ಏನು ಗೊತ್ತು ಅಂತ ಇಪ್ಪತ್ತೊಂದು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ. ಈ ಅಂಕಣದಲ್ಲಿ ವಾರವಾರ ಊರಿನವರ ಬದುಕಿನ ಬಗ್ಗೆ ಬರೆಯುವವಳು ನಾನು. ನಾಚಿಕೆ ಆಗಬೇಡವಾ?

ಟ್ರಿಪ್ ಕ್ಯಾನ್ಸಲ್ ಆಗಲಿಲ್ಲ. ಗುರುವಾರ ರೇಷ್ಮಾ ತನ್ನ ಸೈಕಲ್ಲನ್ನೂ ತಳ್ಳಿಕೊಂಡು ಬಂದಳು. "ಆಂಟಿ, ನಂದೂ ಕಟ್ಟಿಕೊಡಿ." ಅತ್ತೆ ಅವಳಿಂದಲೇ ಕಟ್ಟಿಸಿದರು. ತಪ್ಪಾದಾಗೆಲ್ಲ ಬಿಚ್ಚಿಸಿದರು, ನಾಲ್ಕು ಸಲ. ಅವಳ ಜೊತೆ ನಾನೂ ಗಂಟು ಕಲಿತೆ.

ಹೋಗಿಬಂದೆವು. ನಂಗಲಿಯ ಕಡೆ ಲಾರಿಗಳ ಗಾಳಿ ತಳ್ಳಿದಾಗ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದು ನಿಜ, ಆದರೆ ಸೈಕಲ್ ನೆಟ್ಟಗೇ ಹೋಯಿತು. ಗೌನಿಪಲ್ಲಿಯ ತೋಪಿನಲ್ಲಿ ಬೆಳಗ್ಗೆದ್ದು ಟೆಂಟಿನ ಜಿಪ್ ತೆಗೆದರೆ ಇಬ್ಬನಿಯಲ್ಲಿ ಮಾವಿನ ಮರಗಳು, ಪಕ್ಕದಲ್ಲಿ ಒದ್ದೆಯಾದ ಎರಡು ಸೈಕಲ್ಲು. ಶ್ರೀನಿವಾಸಪುರದಲ್ಲಿ ಇಡ್ಲಿ ತಿಂದೆವು. ಮೂರು ದಿನದಲ್ಲಿ ಒಂದೇ ಒಂದು ಚೀಲವೂ ಬೆರಳಿನಷ್ಟು ಜಾರಲಿಲ್ಲ. ಇದನ್ನು ಫೋನಲ್ಲಿ ಅತ್ತೆಗೆ ಹೇಳಿದರೆ, "ಯಾಕೆ ಜಾರತ್ತೆ?" ಅಂದರು.

ಸೋಮವಾರ ಬೆಳಗ್ಗೆ ಮೈಕೈ ನೋವಿಂದ ತಡವಾಗಿ ಎದ್ದೆ. ಅಂಗಳದಲ್ಲಿ ಸೈಕಲ್ ಇರಲಿಲ್ಲ. ಹಾಲಿನ ಕ್ಯಾನೂ ಇರಲಿಲ್ಲ. ಮಂಜುನಾಥ್ ಬನಿಯನ್ನಿನಲ್ಲೇ ಬೀದಿಯಲ್ಲಿ ಓಡುತ್ತಿದ್ದರು. "ಅಮ್ಮಾ! ನಿಲ್ಲು! ಈ ವಯಸ್ಸಲ್ಲಿ ಬಿದ್ದುಬಿಟ್ರೆ ಏನು ಗತಿ?"

ಅತ್ತೆ ಪೆಡಲ್ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಉತ್ತರ ಮಾತ್ರ ಇಡೀ ಬೀದಿಗೆ ಕೇಳಿಸಿತು.

"ಐವತ್ತು ವರ್ಷದಿಂದ ಬಿದ್ದೇ ಇಲ್ಲ ಕಣೋ. ಹತ್ತಿದ್ರೆ ತಾನೆ ಬೀಳೋದು?"