ಗುಡ್ಡದ ಮೇಲಿಂದ ಕಂಡ ಹೊಗೆ

ಗೆಳೆಯರೇ, ಇವತ್ತು ಕಾಡುದಾರಿಯಲ್ಲಿ ಆರಾಮಾಗಿ ಕೊಂಡಜ್ಜಿ ಗುಡ್ಡ ಹತ್ತಿದೆವು. ನಾನು, ನನ್ನ ಹೆಂಡತಿ, ಹರಿಹರದಿಂದ ಬಂದಿದ್ದ ಅವಳ ಅಣ್ಣ. ತುದಿಯಲ್ಲಿ ನಿಂತರೆ ಕೆಳಗೆ ಕೆರೆ, ಸುತ್ತ ಹಸಿರು. ನಾವಿಬ್ಬರು ಗಂಡಸರು ನೋಡಿದ್ದು ದೂರದಲ್ಲಿ ಏಳುತ್ತಿದ್ದ ಹೊಗೆಯನ್ನು ಮಾತ್ರ.

“ನಮ್ಮ ದಾವಣಗೆರೆ ಮಿಲ್ಲಿನ ಹೊಗೆ ಇಲ್ಲಿಗೂ ಕಾಣ್ತೈತೆ ನೋಡ್ರಿ” ಎಂದೆ.

“ಎಲ್ಲಿ ಮಿಲ್ಲು ಬಿಡ್ರಿ, ಅದು ನಮ್ಮ ಹರಿಹರದ ಕಾರ್ಖಾನೆದು” ಎಂದರು ಭಾವ.

ಇಬ್ಬರ ದನಿಯೂ ಏರಿತು. ಅಷ್ಟರಲ್ಲಿ ಆ ಹೊಗೆ ಮೆಲ್ಲಗೆ ಹರಿಹರದ ದಿಕ್ಕಿಗೆ ಹೊರಟಿತು.

ಹೆಂಡತಿ ಮಂಡಕ್ಕಿ ತಿನ್ನುತ್ತಲೇ ಹೇಳಿದಳು: “ಅಣ್ಣ, ಅದು ನೀ ಊರಿಗೆ ಹೋಗ್ಬೇಕಿದ್ದ ಡೀಸೆಲ್ ರೈಲು.”

ಭಾವ ಈಗ ನಮ್ಮ ಮನೆಯಲ್ಲೇ ಊಟಕ್ಕೆ ಕೂತಿದ್ದಾರೆ. ಸೋಲು ಮಾತ್ರ ಒಪ್ಪಿಲ್ಲ.

“ಏನೇ ಆಗ್ಲಿ, ಹೊಗೆ ಹೋಗಿದ್ದು ಹರಿಹರಕ್ಕೇ ಅಲ್ಲೇನ್ರಿ?”