ಎಲ್ಲರಿಗಿಂತ ಹಿಂದೆ ನಡೆಯುವ ಆರ್ಚಿ

ಮಿಲ್‌ಗೈನಿಂದ ಫೋರ್ಟ್ ವಿಲಿಯಂವರೆಗಿನ ತೊಂಬತ್ತಾರು ಮೈಲಿ ಕಾಲುದಾರಿಯನ್ನು ನಾವು ನಾಲ್ವರು ಗೆಳೆಯರು ಪ್ರತಿ ಮೇ ತಿಂಗಳಲ್ಲಿ ನಡೆಯುತ್ತೇವೆ, ಎಲ್ಲರಿಗಿಂತ ಹಿಂದೆ ಬರುವವನು ಆರ್ಚಿ. ಅವನ ನಡಿಗೆ ನೋಡಿದರೆ ಬಸವನಹುಳುವಿಗೂ ಬೇಸರ ಬರಬೇಕು. ಕುರಿ ಹೊಲಗಳ ಗೇಟುಗಳನ್ನು ನಾವೆಲ್ಲ ದಾಟಿದ ಮೇಲೂ ಅವನು ತೆರೆದು ಹಿಡಿದೇ ನಿಂತಿರುತ್ತಾನೆ. "ಯಾರಿಗೆ ಕಾಯ್ತಿದೀಯ ಮಾರಾಯ, ಕುರಿಗಳನ್ನೂ ಊಟಕ್ಕೆ ಕರೆದಿದೀಯಾ?" ಎಂದು ನಮ್ಮ ಗುಂಪಿನ ಮೊರಾಗ್ ಕೆಣಕಿದರೆ, "ನೀವು ನಡೀರಿ, ನಾವು ಬರ್ತೀವಿ," ಎನ್ನುತ್ತಾನೆ. ಕೊನೆಗೆ ಫೋರ್ಟ್ ವಿಲಿಯಂ ಸೇರಿ, ದಾರಿ ಮುಗಿಯುವ ಬೆಂಚಿಗೆ ಇನ್ನು ನೂರು ಹೆಜ್ಜೆ ಇರುವಾಗ ನಿಂತುಬಿಡುತ್ತಾನೆ. ಹದಿನೇಳು ವರ್ಷಗಳಲ್ಲಿ ಒಮ್ಮೆಯೂ ನಡಿಗೆ ಮುಗಿಸಿದವನಲ್ಲ. ಈ ಸಲ ಅವನ ಮಂಡಿ ಪೂರ್ತಿ ಕೈಕೊಟ್ಟಿತ್ತು, ಮುಂದಿನ ವರ್ಷ ಅವನು ಮತ್ತೆ ಬರುವ ಹಾಗಿರಲಿಲ್ಲ. "ಇವತ್ತಾದ್ರೂ ಮುಗಿಸೋ," ಎಂದು ಕೈಹಿಡಿದೆ. ಆಗ ಬಾಯಿಬಿಟ್ಟ. ಹರೆಯದಲ್ಲಿ ತಮ್ಮ ಯೂವನ್ ಜೊತೆ ಇದೇ ದಾರಿಯಲ್ಲಿ ಬಂದಿದ್ದನಂತೆ. ದಾರಿಯ ನಡುವಿನ ರಾನಖ್ ಜೌಗು ಬಯಲಿನ ಮಂಜಿನಲ್ಲಿ ತಮ್ಮ, "ನೀನು ನಡಿ, ಹಿಂದೇನೇ ಬರ್ತೀನಿ," ಎಂದನಂತೆ. ಎಷ್ಟು ಹುಡುಕಿದರೂ ಅವನು ಸಿಗಲಿಲ್ಲ. "ಅವತ್ತಿಂದ ನನ್ನ ಹಿಂದೇನೇ ಇದಾನೆ. ನಾನು ಮುಗಿಸಿಬಿಟ್ರೆ ಅವನು ಯಾರ ಹಿಂದೆ ಬರ್ಬೇಕು?" ಎಂದ ಆರ್ಚಿ. ಆಮೇಲೆ ನನ್ನ ಕೈ ಬಿಡಿಸಿಕೊಂಡು ಅವನೇ ಕುಂಟುತ್ತ ಆ ನೂರು ಹೆಜ್ಜೆ ನಡೆದು ಬೆಂಚಿನ ಮೇಲೆ ಕೂತ. ಮಳೆಗೆ ಬೀದಿಯೆಲ್ಲ ಖಾಲಿಯಾಗಿತ್ತು. ನಮ್ಮ ಬೆನ್ನ ಹಿಂದೆ ಕಲ್ಲುಹಾಸಿನ ಮೇಲೆ ಒದ್ದೆ ಬೂಟುಗಳ ಸದ್ದು ಹತ್ತಿರ ಹತ್ತಿರ ಬಂದು ನಿಂತಿತು. ನಾವು ಮೂವರೂ ತಿರುಗಿದೆವು, ಯಾರೂ ಇರಲಿಲ್ಲ. ಆರ್ಚಿ ಮಾತ್ರ ತಿರುಗಿ ನೋಡಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿ, "ಕೂತ್ಕೋ, ಸುಸ್ತಾಗಿರ್ತೀಯ," ಎಂದ.